ಸಮುರಾಯ್ ಬಾಗಿಲಿಗೆ ಬಂದ ಜಯಂತಿ

ಸಿಂಗಪುರದಲ್ಲಿ ದೆವ್ವಗಳಿಗೂ ಮೀಸಲಾತಿಯಿತ್ತು ಎಂದರೆ ನೀವು ನಗುತ್ತೀರಿ. ನಗಿ. ಆದರೆ ಆ ಮೀಸಲಾತಿಯಲ್ಲಿ ನಮ್ಮ ಪಾಲಿಗೆ ಬಂದ ಒಂದೇ ಒಂದು ಸ್ಥಾನಕ್ಕೆ ಅಭ್ಯರ್ಥಿಯನ್ನು ಆರಿಸಿದವರಲ್ಲಿ ನಾನೂ ಒಬ್ಬಳು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತೊಂಬತ್ತರ ದಶಕದ ನಡುವಿನ ಮಾತು. ಇಸವಿ ಕೇಳಬೇಡಿ. ಕಾಲೇಜಿನ ದಿನಗಳಿಂದಲೂ ನಾನು ದಿನಚರಿ ಬರೆಯುತ್ತೇನೆ, ನಿಜ. ಆದರೆ ಏನಾದರೂ ನಡೆದ ದಿನವೇ ಅದು ಬೇರೇನನ್ನೋ ಬರೆದುಕೊಂಡು ಕೂತಿರುತ್ತದೆ. ಈ ಪ್ರಸಂಗದ ದಿನ ಅದರಲ್ಲಿರುವುದು “ಉಬಿ. ವಿಪರೀತ ಸೆಕೆ. ಹೊಸ ಕೊಡೆ ತರಬೇಕು” ಎಂಬುದಷ್ಟೇ. ಹಾಗಾಗಿ ಮುಂದಿನದೆಲ್ಲ ನೆನಪಿನಿಂದ. ನನ್ನ ನೆನಪೋ, ನಾಲ್ಕು ಜನರೆದುರು ಹೇಳಿದಷ್ಟೂ ಚೆಂದವಾಗುವ ಜಾತಿಯದು. ನೀವು ಎಚ್ಚರವಾಗಿರುವುದು ಒಳ್ಳೆಯದು.

ಉಬಿಯಲ್ಲಿ, ಕಾರು ರಿಪೇರಿಯ ಅಂಗಡಿಗಳ ಮೇಲಿನ ಮಹಡಿಯಲ್ಲಿ, ಒಂದು ಸಣ್ಣ ಮುದ್ರಣಾಲಯವಿತ್ತು. ಅಲ್ಲಿ ನನಗೆ ಪ್ರೂಫ್ ನೋಡುವ ಕೆಲಸ. ಎಂ.ಎ. ಓದಿ ಕೆಮ್ಮಿನ ಔಷಧದ ಡಬ್ಬಿಯೊಳಗೆ ಮಡಚಿಡುವ ಚೀಟಿ ತಿದ್ದುತ್ತಿದ್ದೆ. ಅದೇ ಮಹಡಿಯ ಕೊನೆಯಲ್ಲಿ ಲಿಮ್ ಎಂಬಾತನ ವಿಡಿಯೋ ಕಂಪನಿ. ಮದುವೆ, ಬೆಂಕಿ ನಂದಿಸುವ ತರಬೇತಿ, ಹೀಗೆ ಸಿಕ್ಕಿದ್ದನ್ನು ಚಿತ್ರೀಕರಿಸುತ್ತಿದ್ದ ಆ ಮನುಷ್ಯನಿಗೆ ಒಂದು ದಿನ ಟೀವಿಗಾಗಿ ದೆವ್ವದ ಸಿನಿಮಾ ತೆಗೆಯುವ ಕೆಲಸ ಸಿಕ್ಕಿತು. ಕಥೆ ಹೀಗೆ: ಒಡೆಯನನ್ನು ಕಳೆದುಕೊಂಡ ಸಮುರಾಯ್ ಒಬ್ಬ ಬಿರುಗಾಳಿಗೆ ಸಿಕ್ಕಿ ಈ ದ್ವೀಪಕ್ಕೆ ಬಂದು ಬೀಳುತ್ತಾನೆ. ಒಂದು ಗುಡಿಸಲಿನಲ್ಲಿ ತಂಗುತ್ತಾನೆ. ದ್ವೀಪದ ದೆವ್ವಗಳು ಒಂದೊಂದಾಗಿ ಬಂದು ಬಾಗಿಲು ತಟ್ಟುತ್ತವೆ. ಒಳಗೆ ಬಂದ ದೆವ್ವವನ್ನೆಲ್ಲ ಆತ ಕತ್ತಿಯಿಂದ ಕಡಿಯುತ್ತಾನೆ.

ಕಥೆಯನ್ನು ಒಪ್ಪಿದ ಟೀವಿಯವರು ಒಂದು ಷರತ್ತು ಹಾಕಿದರು. ದ್ವೀಪದ ದೆವ್ವಗಳೆಂದ ಮೇಲೆ ಎಲ್ಲ ಜನಾಂಗದ ದೆವ್ವಗಳೂ ಇರಬೇಕು. ಅದರಲ್ಲಿ ಆಶ್ಚರ್ಯವೇನಿಲ್ಲ. ಅಲ್ಲಿನ ಸರ್ಕಾರಿ ಫ್ಲ್ಯಾಟುಗಳಲ್ಲಿ ಯಾವ ಬ್ಲಾಕಿಗೆ ಯಾವ ಜನಾಂಗದವರು ಎಷ್ಟು ಮಂದಿ ಎಂಬ ಲೆಕ್ಕವಿದೆ. ಬದುಕಿರುವಾಗ ಹಾಗೆ ಹಂಚಿಕೊಂಡು ಬಾಳಿದವರು ಸತ್ತ ಮೇಲೆ ಮನಸ್ಸಿಗೆ ಬಂದ ಮರದಲ್ಲಿ ಗುಂಪುಗೂಡಲಾದೀತೇ? ಒಂದು ಚೀನೀ ದೆವ್ವ, ಒಂದು ಮಲಯ್ ದೆವ್ವ, ಒಂದು ಇಂಡಿಯನ್ ದೆವ್ವ, ಸರ್ಕಾರಿ ಲೆಕ್ಕದ ‘ಇತರೆ’ ಪಂಗಡದಿಂದ ಒಂದು ಎಂದು ನಿಗದಿಯಾಯಿತು. ಇಷ್ಟೆಲ್ಲ ನ್ಯಾಯ ಪಾಲಿಸಿದ ಮೇಲೆ ಯಾರಿಗೂ ಹೊಳೆಯದೆ ಹೋದದ್ದು ಒಂದೇ: ಸಮುರಾಯ್ ಸಿನಿಮಾದಲ್ಲಿ ಜಪಾನಿನವರು ಒಬ್ಬರೂ ಇರಲಿಲ್ಲ. ಸಮುರಾಯ್ ಪಾತ್ರದ ಯುವಕ ವಿಮೆ ಪಾಲಿಸಿ ಮಾರುವವನು, ಹೊಕ್ಕಿಯನ್ ಎಂಬ ಚೀನೀ ಭಾಷೆ ಮಾತನಾಡುವ ಮನೆಯವನು. ಜಪಾನಿನದು ಅಂತ ಅಲ್ಲಿ ಇದ್ದದ್ದು ಕ್ಯಾಮೆರಾ, ಮತ್ತೆ ಏರ್‌ಕಂಡೀಷನರ್.

ಲಿಮ್ ನನ್ನ ಮೇಜಿಗೆ ಬಂದು, “ಸುಧಾ, ಯು ನೋ ಎನಿ ಇಂಡಿಯನ್ ಘೋಸ್ಟ್?” ಎಂದು ಕೇಳಿದಾಗ ನಾನು ಚೀಟಿಯೊಂದರ ಅಡ್ಡಪರಿಣಾಮಗಳ ಸಾಲಿನಲ್ಲಿದ್ದೆ. ಕೇಳಿ ನೋಡುತ್ತೇನೆ ಎಂದೆ. ಆ ಮಾತು ಹೊರಬಿದ್ದ ಗಳಿಗೆಯಿಂದ ನಾನು ಇಂಡಿಯಾದ ದೆವ್ವಗಳ ಸಲಹೆಗಾರ್ತಿಯಾದೆ.

ಪಾಸಿರ್ ರಿಸ್‌ನ ನಮ್ಮ ಫ್ಲ್ಯಾಟಿನಲ್ಲಿ ಭಾನುವಾರಗಳಂದು ಕೆಲವು ಕನ್ನಡದ ಕುಟುಂಬಗಳು ಸೇರುತ್ತಿದ್ದವು. ಸಂಘ ಎನ್ನಿಸಿಕೊಳ್ಳುವಷ್ಟು ಜನರಿರಲಿಲ್ಲ, ಜಗಳವಾಡುವುದಕ್ಕೆ ಸಾಕಾಗುವಷ್ಟು ಇದ್ದರು. ಅವಲಕ್ಕಿ ತಿನ್ನುತ್ತ ಕೂತಿದ್ದವರ ಮುಂದೆ ವಿಷಯ ಇಟ್ಟೆ. ನಮ್ಮ ಜನಕ್ಕೆ ದೆವ್ವದ ಬಗ್ಗೆ ಇಷ್ಟು ಅಭಿಪ್ರಾಯವಿರುತ್ತದೆಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಅಲ್ಲಿ ಇಂಡಿಯನ್ ಎಂದರೆ ಸಾಮಾನ್ಯವಾಗಿ ತಮಿಳರೆಂದೇ ಅರ್ಥ. ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರಿಗೆ ಒಂದು ದೆವ್ವ ಸಿಕ್ಕುವುದೆಂದರೆ ಸಣ್ಣ ಮಾತೇ?

ಬ್ರಹ್ಮರಾಕ್ಷಸನನ್ನು ಕಳಿಸೋಣ ಎಂದರು ಒಬ್ಬರು. ಬೇಡ, ಜಾತಿಯ ಪ್ರಶ್ನೆ ಬರುತ್ತದೆ ಎಂದರು ಇನ್ನೊಬ್ಬರು. ಕೊಳ್ಳಿದೆವ್ವ ಚೆನ್ನಾಗಿ ಕಾಣುತ್ತದೆ, ಆದರೆ ಈ ಊರಲ್ಲಿ ಬೆಂಕಿ ಹಚ್ಚಲು ಅದಕ್ಕೆ ಅನುಮತಿ ತೆಗೆದುಕೊಳ್ಳುವವರು ಯಾರು? ನಮ್ಮಲ್ಲಿ ಹಿರಿಯರಾದ ಶೆಟ್ಟರು ಉಡುಪಿ ಕಡೆಯವರು, ಟುವಾಸ್‌ನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಯಾರೋ ಅವರ ಕಡೆ ತಿರುಗಿ, “ಶೆಟ್ರೇ, ನಿಮ್ಮ ಕಡೆ ಭೂತ ಫೇಮಸ್ ಅಲ್ವಾ?” ಎಂದುಬಿಟ್ಟರು. ಶೆಟ್ಟರು ತಟ್ಟೆ ಕೆಳಗಿಟ್ಟರು.

“ದೈವ ಬೇರೆ, ದೆವ್ವ ಬೇರೆ ಮಾರಾಯ್ರೆ. ದೈವವನ್ನು ತಂದು ಇವನ ಸಿನಿಮಾದಲ್ಲಿ ನಿಲ್ಲಿಸಿದ್ರೆ ನಾನು ತಿರುಗಿ ಊರಿಗೆ ಹೋಗ್ಲಿಕ್ಕುಂಟಾ? ನಿಮ್ಮ ಘಟ್ಟದ ಮೇಲಿನ ದೆವ್ವ ಯಾವುದಾದ್ರೂ ಇದ್ರೆ ಕಳಿಸಿ. ಅದಕ್ಕೆ ಮಾನ ಮರ್ಯಾದೆ ಕಡಿಮೆ.”

ಕಡೆಗೆ ಒಪ್ಪಿಗೆಯಾದದ್ದು ಮೋಹಿನಿ. ಯಾರು ಮೋಹಿನಿ ಎಂಬ ಪ್ರಶ್ನೆ ಕೇಳುವ ಮೊದಲೇ ಅಡುಗೆಮನೆಯಿಂದ “ನಾನು” ಎಂಬ ದನಿ ಬಂತು. ಕೈಯಲ್ಲಿ ಸೌಟು ಹಿಡಿದು ನಿಂತವಳು ಜಯಂತಿ.

ಜಯಂತಿ ಮೈಸೂರಿನವಳು, ನನ್ನ ಗೆಳತಿ. ಕಾಲೇಜಿನಲ್ಲಿ ನಾಟಕವಾಡಿದವಳು. ಮದುವೆಯಾಗಿ ಗಂಡ ರಘುವಿನ ಜೊತೆ ಸಿಂಗಪುರಕ್ಕೆ ಬಂದ ಮೇಲೆ ಅವಳ ರಂಗಭೂಮಿ ಎಂದರೆ ನಮ್ಮ ದೀಪಾವಳಿಯ ಕಾರ್ಯಕ್ರಮ. ಅದರಲ್ಲಿಯೂ ಅವಳ ಸ್ಮರಣಶಕ್ತಿ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಪರದೆಯ ಹಿಂದೆ ನಿಲ್ಲಿಸಿ ಎಲ್ಲರ ಮಾತನ್ನೂ ಪಿಸುಗುಡುವ ಕೆಲಸ ಕೊಡುತ್ತಿದ್ದರು. ಮಾತು ಮರೆಯುವವರಿಗೆ ರಾಜನ ಪಾತ್ರ, ಮರೆಯದವಳಿಗೆ ಪರದೆ. ಅಂದು ಎಲ್ಲರೂ ಹೋದ ಮೇಲೆ ಅವಳು ನನ್ನ ಕೈ ಹಿಡಿದು, “ಸುಧಾ, ಡೈಲಾಗ್ ಕೊಡದಿದ್ರೂ ಪರವಾಗಿಲ್ಲ ಕಣೆ. ಒಂದು ಸಲ ನನ್ನ ಮುಖ ಕಾಣ್ಬೇಕು. ಪೂರ್ತಿ ಮುಖ. ಅಷ್ಟು ಸಾಕು” ಎಂದಳು. ಅಷ್ಟೇ ಅಂದಳೋ, ಇನ್ನೂ ಏನಾದರೂ ಅಂದಳೋ. ಕಣ್ಣು ತುಂಬಿತ್ತು ಎಂದು ನನಗೆ ನೆನಪು. ಅವಳು ಈಗಲೂ ಅದು ಈರುಳ್ಳಿ ಎಂದೇ ವಾದಿಸುತ್ತಾಳೆ.

ಚಿತ್ರೀಕರಣಕ್ಕೆ ದಿನ ಹುಡುಕುವುದೇ ಒಂದು ಪುರಾಣವಾಯಿತು. ಆಗ ಚೀನೀಯರ ಏಳನೆಯ ತಿಂಗಳು. ಹಸಿದ ಪ್ರೇತಗಳು ಊರಿಗೆ ಬರುವ ಕಾಲ. ರಸ್ತೆ ಬದಿಯಲ್ಲೆಲ್ಲ ಕಿತ್ತಳೆ, ಅಗರಬತ್ತಿ, ಸುಡುವ ಕಾಗದ. ನಿಜವಾದವು ಊರಲ್ಲಿರುವಾಗ ಸುಳ್ಳಿನವನ್ನು ನಿಲ್ಲಿಸಿ ಚಿತ್ರ ತೆಗೆಯುವುದು ಅವಮರ್ಯಾದೆ ಎಂದು ಲೈಟಿನವರು ಒಬ್ಬರೂ ಬರಲಿಲ್ಲ. ಅವು ತಿರುಗಿ ಹೋದ ನಾಲ್ಕು ದಿನಕ್ಕೆ ನಮ್ಮ ಗಣೇಶ ಬಂದ. ಗಣೇಶ ಹೋದ ಮೇಲೆ ಶುರುಮಾಡೋಣ ಎಂದು ಲಿಮ್ ಹೊರಟರೆ ಜಯಂತಿ ಪಂಚಾಂಗ ತೆರೆದಳು. ಇನ್ನೇನು ಪಿತೃಪಕ್ಷ. “ಅದು ನಮ್ಮ ಮಾವನೋರು ಬರೋ ಟೈಮು. ಅವರ ಎದುರಿಗೆ ಕೂದಲು ಬಿಚ್ಕೊಂಡು ನಿಂತ್ಕೊಳ್ಳಲಾ? ಏನಂದ್ಕೊಳ್ತಾರೆ!” ಎಂದಳು. ಮಾವನವರು ಬದುಕಿದ್ದಾಗ ಅವರಿಗೆ ಇವಳು ಇಷ್ಟು ಹೆದರಿದ್ದನ್ನು ನಾನು ಕಾಣೆ. ಅಂತೂ ಅವರ ದೆವ್ವಗಳು ಹೋಗಿ ನಮ್ಮ ಹಿರಿಯರು ಬರುವ ಮುನ್ನ ನಡುವೆ ಉಳಿದ ಕೆಲವೇ ದಿನಗಳಲ್ಲಿ ಕೆಲಸ ಮುಗಿಸಬೇಕೆಂದಾಯಿತು.

ಇಲ್ಲಿ ಸ್ವಲ್ಪ ಕಾಲಿನ ವಿಷಯ ಹೇಳಬೇಕು. ಸಲಹೆಗಾರ್ತಿಯಾದ ಹುಮ್ಮಸ್ಸಿನಲ್ಲಿ ನಾನು ಗ್ರಂಥಾಲಯಕ್ಕೆ ಹೋಗಿ ಒಂದಿಷ್ಟು ಓದಿದ್ದೆ. ಜಪಾನಿನ ದೆವ್ವಕ್ಕೆ ಕಾಲೇ ಇರುವುದಿಲ್ಲವಂತೆ. ಸೊಂಟದ ಕೆಳಗೆ ಹೊಗೆಯ ಹಾಗೆ ಕರಗಿಹೋಗಿರುತ್ತದೆ. ಚೀನಾದ ಒಂದು ಬಗೆಯ ದೆವ್ವಕ್ಕೆ ಕಾಲಿದ್ದರೂ ಮಂಡಿ ಮಡಚಲು ಬರುವುದಿಲ್ಲ, ಆದ್ದರಿಂದ ಎರಡನ್ನೂ ಜೋಡಿಸಿ ಕುಪ್ಪಳಿಸುತ್ತದೆ. ನಮ್ಮದಕ್ಕೆ ಕಾಲಿದೆ, ಆದರೆ ಹಿಮ್ಮಡಿ ಮುಂದೆ. ಸತ್ತ ಮೇಲೆ ಮನುಷ್ಯ ಏನಾಗುತ್ತಾನೆ ಎಂಬ ಗಹನವಾದ ಪ್ರಶ್ನೆಗೆ ಏಷ್ಯಾದ ಸಂಸ್ಕೃತಿಗಳು ಕಾಲಿನ ಮೂಲಕ ಉತ್ತರ ಕೊಟ್ಟಿವೆ ಎಂದು ನಾನು ಲಿಮ್‌ಗೆ ವಿವರಿಸಿದೆ. ಆತ ಶ್ರದ್ಧೆಯಿಂದ ಕೇಳಿ, ಮಂಡಿಯ ಮಟ್ಟಕ್ಕೆ ಹೊಗೆ ಬಿಡುವ ಯಂತ್ರವೊಂದನ್ನು ಬಾಡಿಗೆಗೆ ತಂದ. ಎಲ್ಲ ಸಂಸ್ಕೃತಿಗಳ ಕಾಲೂ ಒಟ್ಟಿಗೆ ಮರೆಯಾದವು.

ಉಳಿದದ್ದು ತಲೆ. ಅಲ್ಲಿಯೇ ತಕರಾರು. ಉಬಿಯ ಒಂದು ಖಾಲಿ ಗೋದಾಮಿನಲ್ಲಿ ಪ್ಲೈವುಡ್ ಮತ್ತು ಕಾಗದದ ಜಪಾನೀ ಗುಡಿಸಲು ಎದ್ದು ನಿಂತಿತ್ತು. ಮೇಕಪ್ಪಿನ ರೋಸ್ನಾ ಒಂದು ಬಿಳಿ ಸೀರೆ ಮುಂದೆ ಹಿಡಿದು, ಹಣೆಯ ಕುಂಕುಮ ತೆಗೆಯಲು ಹತ್ತಿಯುಂಡೆ ಎತ್ತಿದಳು. ಜಯಂತಿ ಎರಡು ಹೆಜ್ಜೆ ಹಿಂದೆ ಸರಿದಳು.

“ಕುಂಕುಮ ತೆಗೆಯಲ್ಲ. ತಾಳಿ ತೆಗೆಯಲ್ಲ. ಸೀರೆಗೆ ಕೆಂಪಂಚು ಬೇಕು. ಬಳೆ ಇರಲಿ. ಸುಧಾ, ನೀನೇ ಹೇಳೇ ಅವರಿಗೆ. ಊರಲ್ಲಿ ಅತ್ತೆಗೆ ಗೊತ್ತಾದ್ರೆ ನಾನು ನಿಜವಾಗ್ಲೂ ದೆವ್ವ ಆಗ್ತೀನಿ.”

ಮುತ್ತೈದೆತನ ಎಂದರೇನೆಂದು ನಾನು ಇಂಗ್ಲಿಷಿನಲ್ಲಿ ವಿವರಿಸಲು ಹೋದೆ. ಅರ್ಧದಲ್ಲಿ ನನಗೇ ಅನುಮಾನ ಹುಟ್ಟಿತು: ಕುಂಕುಮ, ಹಸಿರು ಬಳೆ, ತಾಳಿ ಎಲ್ಲ ಇಟ್ಟುಕೊಂಡು ಹೋದ ಹೆಂಗಸನ್ನು ನಮ್ಮಲ್ಲಿ ಪುಣ್ಯವಂತೆ ಎನ್ನುತ್ತೇವೆ, ಅವಳೇಕೆ ಕಂಡವರ ಬಾಗಿಲು ತಟ್ಟಿಕೊಂಡು ಅಲೆಯುತ್ತಾಳೆ? ಲಿಮ್ ಜಯಂತಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ದಿಸ್ ಒನ್ ಘೋಸ್ಟ್ ಆರ್ ಬ್ರೈಡ್?” ಎಂದ. ರೋಸ್ನಾ ಪರಿಹಾರ ಸೂಚಿಸಿದಳು. ಕೂದಲನ್ನೆಲ್ಲ ಮುಖದ ಮೇಲೆ ಇಳಿಬಿಟ್ಟರಾಯಿತು. ಕುಂಕುಮ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಜಪಾನಿನ ದೆವ್ವಗಳೂ ಹಾಗೆಯೇ ಇರುವುದಂತೆ.

ಎಲ್ಲರಿಗೂ ಸಮಾಧಾನವಾಯಿತು, ಜಯಂತಿಯೊಬ್ಬಳನ್ನು ಬಿಟ್ಟು. ಕುಂಕುಮದ ಪಕ್ಷ ಗೆದ್ದಿತ್ತು, ಮುಖ ಸೋತಿತ್ತು. ಸೊಂಟದವರೆಗಿನ ಅವಳ ಕೂದಲನ್ನು ರೋಸ್ನಾ ಬಾಚಿ ಬಾಚಿ ಮುಂದೆ ತಂದಳು. ಎರಡು ನಿಮಿಷದಲ್ಲಿ ನನ್ನ ಗೆಳತಿ ಇದ್ದ ಜಾಗದಲ್ಲಿ ಒಂದು ಕಪ್ಪು ಪರದೆ. ಅದರ ಹಿಂದಿನಿಂದ ಸಣ್ಣ ದನಿ: “ಇಲ್ಲೂ ಪರದೆ ಹಿಂದೇನೇ ನೋಡೇ.”

ಮಾತಾದರೂ ಸಿಗುತ್ತದೆಯೇ ಎಂದು ಕೇಳಿದೆ. ದೆವ್ವಗಳಿಗೆ ಮಾತಿಲ್ಲ, ಅಳು ಮಾತ್ರ ಎಂದ ಲಿಮ್. ಹಾಗಾದರೆ ಕನ್ನಡದಲ್ಲಿ ಅಳುತ್ತೇನೆ ಎಂದು ಅವಳು “ಅಯ್ಯೋ” ಎಂದಳು. ಅದೂ ಉಪಯೋಗಕ್ಕೆ ಬರಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಚೀನೀ ದೆವ್ವವೂ “ಅಯ್ಯೋ” ಎಂದೇ ಅತ್ತು ಮುಗಿಸಿತ್ತು. ಆ ಊರಿನಲ್ಲಿ ಎಲ್ಲರ ಮಾತೃಭಾಷೆಯೂ ಅದೊಂದೇ.

ಇನ್ನು ಬಾಗಿಲು. ಒಬ್ಬ ಮುದುಕಿ ಸಮುರಾಯ್ ಮೇಲೆ ಕನಿಕರಪಟ್ಟು ಅವನ ಬಾಗಿಲಿಗೆ ರಕ್ಷೆ ಕಟ್ಟುತ್ತಾಳೆಂದು ಕಥೆಯಲ್ಲಿತ್ತು. ಮೀಸಲಾತಿ ರಕ್ಷೆಗೂ ಅನ್ವಯಿಸಿತು. ಚೀನೀಯರ ಲೆಕ್ಕದಲ್ಲಿ ಹಳದಿ ಕಾಗದದ ಪಟ್ಟಿ, ಮಲಯ್ ಲೆಕ್ಕದಲ್ಲಿ ಮುಳ್ಳಿನ ಕೇದಗೆ ಗರಿ ಬಂದವು. ಇಂಡಿಯನ್ನರು ದೆವ್ವ ಬಾರದಂತೆ ಬಾಗಿಲಿಗೆ ಏನು ಮಾಡುತ್ತಾರೆ ಎಂದು ಲಿಮ್ ಕೇಳಿದಾಗ ನಾನು ಹಿಂದೆಮುಂದೆ ನೋಡದೆ ಕುಂಚ ತೆಗೆದುಕೊಂಡು ಬಾಗಿಲ ಕಾಗದದ ಮೇಲೆ “ನಾಳೆ ಬಾ” ಎಂದು ಬರೆದೆ. ಈ ಉಪಾಯ ತನ್ನದು ಎಂದು ಜಯಂತಿ ಹೇಳುತ್ತಾಳೆ. ಇರಬಹುದು. ಕುಂಚ ನನ್ನ ಕೈಯಲ್ಲಿತ್ತು ಎಂಬುದಷ್ಟೇ ನನಗೆ ಖಾತ್ರಿ.

ನಮ್ಮ ಕಡೆಯ ಬೀದಿಗಳಲ್ಲಿ ಈ ಬರಹವನ್ನು ನೀವೂ ನೋಡಿರುತ್ತೀರಿ. ದೆವ್ವ ಬರುತ್ತದೆ, ಓದುತ್ತದೆ, ನಾಳೆ ಬರೋಣ ಎಂದು ಹೋಗುತ್ತದೆ. ಮರುದಿನ ಬರುತ್ತದೆ, ಮತ್ತೆ ಓದುತ್ತದೆ. ನನ್ನ ಬಾಲ್ಯದ ಮನೆಯ ಬಾಗಿಲ ಮೇಲೆ ಇದಿತ್ತೆಂದು ನನ್ನ ಖಚಿತ ನೆನಪು; ಅಕ್ಕ ಕೇಳಿದರೆ ಎದುರುಮನೆಯಲ್ಲಿತ್ತು, ನಮ್ಮದರಲ್ಲಿ ಇರಲೇ ಇಲ್ಲ ಎನ್ನುತ್ತಾಳೆ. ಎಲ್ಲಿಯಾದರೂ ಇರಲಿ, ಆ ದೆವ್ವದ ಮೇಲೆ ನನಗೆ ಮೊದಲಿನಿಂದಲೂ ಗೌರವ. ಅಕ್ಷರ ಕಲಿತದ್ದು, ಬರೆದದ್ದನ್ನು ನಂಬುವಂಥದ್ದು, ಬೇಸರವಿಲ್ಲದೆ ಮತ್ತೆ ಮತ್ತೆ ಓದುವಂಥದ್ದು. ಪ್ರೂಫ್ ನೋಡುವವಳಾಗಿ ಹೇಳುತ್ತೇನೆ, ಅಂಥ ಓದುಗರು ಬದುಕಿರುವವರಲ್ಲಿ ನನಗೆ ಸಿಕ್ಕಿಲ್ಲ.

ಜಯಂತಿ ಮಾಡಬೇಕಾದದ್ದು ಸುಲಭ. ಹೊಗೆಯಲ್ಲಿ ತೇಲಿ ಬರಬೇಕು, ರಕ್ಷೆಗಳನ್ನು ಕಂಡು ಒಮ್ಮೆ ನಡುಗಬೇಕು, ಬಾಗಿಲ ಕಾಗದ ಹರಿದು ಒಳಗೆ ನುಗ್ಗಬೇಕು, ಕತ್ತಿ ಬಿದ್ದೊಡನೆ ಸಾಯಬೇಕು. ಸತ್ತವರು ಇನ್ನೊಮ್ಮೆ ಸಾಯುವುದು ಹೇಗೆಂದು ನಾನು ಕೇಳಲಿಲ್ಲ. ಸಲಹೆಗಾರರು ಎಲ್ಲವನ್ನೂ ಕೇಳಬಾರದು.

ಅವಳು ತೇಲಿ ಬಂದಳು. ಕೂದಲಿನ ಪರದೆ ಬಾಗಿಲ ಮುಂದೆ ನಿಂತಿತು. ನಡುಗಬೇಕಾದ ಹೊತ್ತಿನಲ್ಲಿ ನಡುಗಲಿಲ್ಲ. ಮೆಲ್ಲನೆ ಎರಡೂ ಕೈಯೆತ್ತಿ, ಬಳೆ ಸದ್ದಾಗುವಂತೆ, ಕೂದಲನ್ನು ಕಿಟಕಿಯ ಪರದೆಯ ಹಾಗೆ ಎರಡು ಕಡೆ ಸರಿಸಿದಳು. ಮುಖ ಹೊರಬಂತು. ಕುಂಕುಮ, ಮೂಗುಬೊಟ್ಟು, ಕಾಡಿಗೆ, ಎಲ್ಲ ಲೈಟಿನ ಬೆಳಕಿನಲ್ಲಿ. ಬಾಗಿಲ ಮೇಲಿನ ಅಕ್ಷರಗಳನ್ನು ತುಟಿಯಾಡಿಸುತ್ತ ಓದಿದಳು. ಒಂದು ನಿಟ್ಟುಸಿರು ಬಿಟ್ಟಳು. ಕೂದಲನ್ನು ಹಿಂದಕ್ಕೆ ಹಾಕಿಕೊಂಡು, ತಿರುಗಿ ಹೊಗೆಯೊಳಗೆ ಹೊರಟುಹೋದಳು. ಒಳಗೆ ಸಮುರಾಯ್ ಕತ್ತಿ ಎತ್ತಿಕೊಂಡೇ ಇದ್ದ.

“ಕಟ್! ವೈ ಯು ನೆವರ್ ಗೋ ಇನ್?”

“ಡೋರ್ ಸೇಸ್ ಕಮ್ ಟುಮಾರೋ,” ಎಂದಳು ಜಯಂತಿ.

“ಸೋ ಟುಮಾರೋ ಯು ಗೋ ಇನ್, ಲಾ.”

“ಟುಮಾರೋ ಆಲ್ಸೋ ಡೋರ್ ಸೇಸ್ ಕಮ್ ಟುಮಾರೋ.”

ಲಿಮ್ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ನಮ್ಮ ದೆವ್ವಗಳು ಹಾಗೆಯೇ, ಬರೆದ ಮೇಲೆ ಮುಗಿಯಿತು ಎಂದೆ. ಆತ ಬಾಗಿಲ ಹತ್ತಿರ ಹೋಗಿ ಆ ಅಕ್ಷರಗಳನ್ನು ನೋಡಿದ. ಬಸ್ಸಿನಲ್ಲಿ, ರೈಲಿನಲ್ಲಿ, ಲಿಫ್ಟಿನಲ್ಲಿ ತಿನ್ನಬೇಡಿ, ಉಗುಳಬೇಡಿ, ನಾರುವ ಡುರಿಯನ್ ಹಣ್ಣು ತರಬೇಡಿ ಎಂಬ ಫಲಕಗಳ ನಡುವೆ ಬೆಳೆದವನು. “ಸೀ ಸೈನ್‌ಬೋರ್ಡ್, ಫಾಲೋ ಸೈನ್‌ಬೋರ್ಡ್,” ಎಂದು ಗೊಣಗಿದ. “ವೆರಿ ಸಿಂಗಪೋರ್.” ಆದರೂ ಎಚ್ಚರಿಕೆಯ ಮನುಷ್ಯ. ಮುಖ ಮುಚ್ಚಿಕೊಂಡು ಒಳಗೆ ನುಗ್ಗಿ ಸಾಯುವುದನ್ನೂ ಒಂದು ಸಲ ಮಾಡಿಸಿ ತೆಗೆದಿಟ್ಟುಕೊಂಡ. ಯಾವುದನ್ನು ಹಾಕುವುದೆಂದು ಎಡಿಟಿಂಗ್‌ನಲ್ಲಿ ನೋಡೋಣ ಎಂದ.

ಹೊರಗೆ ಬಂದ ಮೇಲೆ ಕೇಳಿದೆ, “ಬೇಕೂಂತ್ಲೇ ಮಾಡಿದ್ಯಾ?” “ಓದ್ಬೇಕಿತ್ತಲ್ಲೇ. ಕೂದಲು ಸರಿಸ್ದೆ ಓದೋದು ಹೇಗೆ?” ಎಂದಳು. “ನಿನ್ನ ಕೈಬರಹ ತಪ್ಪಿಲ್ದೆ ಇದ್ಯಾ ಅಂತ ನೋಡ್ದೆ” ಎಂದೂ ಸೇರಿಸಿದಳು. ಆ ಮುಖದಿಂದ ಏನೂ ತಿಳಿಯುವಂತಿರಲಿಲ್ಲ. ಅದಕ್ಕೇ ಇರಬೇಕು ಅವಳು ನಟಿ.

ಸಿನಿಮಾ ಟೀವಿಯಲ್ಲಿ ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ನಮ್ಮ ಫ್ಲ್ಯಾಟಿನಲ್ಲಿ ಎಲ್ಲರೂ ನೆರೆದಿದ್ದರು. ಜಯಂತಿ ಬೆಳಗಿನಿಂದ ಏನೂ ತಿಂದಿರಲಿಲ್ಲ. ಯಾವುದನ್ನು ಉಳಿಸಿದ್ದಾರೆ, ಮುಖವೋ ಕೂದಲೋ? ಲಿಮ್ ಬಾಯಿ ಬಿಟ್ಟಿರಲಿಲ್ಲ. ಚೀನೀ ದೆವ್ವ ಕುಪ್ಪಳಿಸಿ ಬಂದು ಸತ್ತಿತು. ಮಲಯ್ ದೆವ್ವ ಹಾರಿ ಬಂದು ಸತ್ತಿತು. ಹೊಗೆ ಎದ್ದಿತು.

ಕೈಗಳು ಮೇಲೆದ್ದವು. ಬಳೆ ಸದ್ದಾಯಿತು. ಕೂದಲು ಸರಿಯಿತು. ಪರದೆಯ ತುಂಬ ಜಯಂತಿ.

ನಾವೆಲ್ಲ ಕಿರುಚಿದ್ದು ವಾಯ್ಡ್ ಡೆಕ್ ಎನ್ನುವ, ಬ್ಲಾಕಿನ ನೆಲಮಟ್ಟದ ಖಾಲಿ ಜಾಗದವರೆಗೆ ಕೇಳಿಸಿರಬೇಕು. ಅವಳು ಓದಿದಳು, ನಿಟ್ಟುಸಿರಿಟ್ಟಳು, ಹೊರಟಳು. ಸಮುರಾಯ್ ಕತ್ತಿ ಇಳಿಸಿ ಕಂಗಾಲಾಗಿ ಕೂತ. ಶೆಟ್ಟರು ತೊಡೆ ತಟ್ಟಿ, “ಇದು ದೆವ್ವ ಮಾರಾಯ್ರೆ! ಉಳಿದದ್ದೆಲ್ಲ ಕಡಿಸಿಕೊಂಡವು, ಇದೊಂದು ಮಾನದಲ್ಲಿ ಮನೆಗೆ ಹೋಯ್ತು” ಎಂದರು. ಘಟ್ಟದ ಮೇಲಿನ ದೆವ್ವಕ್ಕೆ ಅವರ ಬಾಯಿಂದ ಸಿಕ್ಕ ಮೊದಲ ಮರ್ಯಾದೆ ಅದು.

ಜಯಂತಿಯ ಕಡೆ ತಿರುಗಿದೆ. ಎರಡೂ ಅಂಗೈಯಲ್ಲಿ ಮುಖ ಗಟ್ಟಿಯಾಗಿ ಮುಚ್ಚಿಕೊಂಡು ಕೂತಿದ್ದಳು. “ಬಂತಾ?” ಎಂದಳು ಒಳಗಿನಿಂದ. “ಹೋಗೇಬಿಡ್ತಾ?”

ಚಿಂತೆಯಿಲ್ಲ, ರೆಕಾರ್ಡ್ ಆಗುತ್ತಿದೆಯಲ್ಲ ಎಂದೆವು. ರಘು ತಮ್ಮ ಮನೆಯ ವಿಸಿಆರ್‌ನಲ್ಲಿ ರೆಕಾರ್ಡಿಂಗ್ ಶುರುವಾಗುವ ಹೊತ್ತು ಹೊಂದಿಸಿ ಬಂದಿದ್ದ. ಹೋಗಿ ನೋಡಿದರೆ ಟೇಪಿನಲ್ಲಿದ್ದದ್ದು ಮ್ಯಾಂಡರಿನ್ ಅಡುಗೆ ಕಾರ್ಯಕ್ರಮ. ಒಬ್ಬಾಕೆ ಮೂಲಂಗಿ ಹೆಚ್ಚುತ್ತಿದ್ದಳು. ಊರಿಗೆ ಫೋನ್ ಮಾಡುವಾಗ ತಿಳಿಯಲೆಂದು ನಮ್ಮೆಲ್ಲರ ಮನೆಯಲ್ಲೂ ಒಂದು ಗಡಿಯಾರ ಇಂಡಿಯಾದ ಸಮಯಕ್ಕೆ ಇರುತ್ತಿತ್ತು. ಅವರ ಮನೆಯಲ್ಲಿ ಆ ಗಡಿಯಾರ ವಿಸಿಆರ್‌ನದು. ಅದು ಶಿಸ್ತಾಗಿ ಎರಡೂವರೆ ಗಂಟೆ ತಡವಾಗಿ, ಮೈಸೂರಿನ ಹೊತ್ತಿಗೆ, ತನ್ನ ಕೆಲಸ ಆರಂಭಿಸಿತ್ತು. ಲಿಮ್‌ನ ಕೇಳೋಣವೆಂದರೆ ಆತ ಮೂಲ ಟೇಪನ್ನೆಲ್ಲ ಟೀವಿಯವರಿಗೆ ಒಪ್ಪಿಸಿದ್ದ. ಅವರು ಕೊಡಲಿಲ್ಲ, ಮರುಪ್ರಸಾರವೂ ಆಗಲಿಲ್ಲ.

ಹೀಗೆ ಜಯಂತಿಯ ಮುಖವನ್ನು ಇಡೀ ದ್ವೀಪ ನೋಡಿತು, ಜಯಂತಿಯನ್ನು ಬಿಟ್ಟು. ಅವಳು ಸಿಕ್ಕವರನ್ನೆಲ್ಲ ಕೇಳತೊಡಗಿದಳು: ಹೇಗಿದ್ದೆ? ಶೆಟ್ಟರು, ಕಣ್ಣಲ್ಲಿ ಕೆಂಡ ಇತ್ತು ಎಂದರು. ರಘು, ಸಾಂಬಾರಿಗೆ ಉಪ್ಪು ಕಡಿಮೆಯಾದಾಗ ನೀನು ನೋಡೋ ಹಾಗೇ ಇತ್ತು ಎಂದ. ನಾನು, ಕನ್ನಡದ ಅಕ್ಷರ ಟೀವಿಯಲ್ಲಿ ಕಂಡ ಹೆಮ್ಮೆಯಲ್ಲಿ, ಘನತೆ ಘನತೆ ಎಂದು ಹೇಳುತ್ತಲೇ ಇದ್ದೆ. ಈಗ ಯೋಚಿಸಿದರೆ ನಾನು ಮುಖ ನೋಡಿದ್ದೆನೋ, ನನ್ನ ಕೈಬರಹ ನೋಡುತ್ತಿದ್ದೆನೋ ಎಂದು ಸಂಶಯ. ನಾವೆಲ್ಲ ನಮ್ಮ ನಮ್ಮ ಪ್ರತಿನಿಧಿಯನ್ನು ನೋಡಿದ್ದೆವು. ಅವಳು ಕೇಳುತ್ತಿದ್ದುದು ಅದನ್ನಲ್ಲ.

ಒಂದು ವಾರದ ಮೇಲೆ ಅವಳು ಮಾರುಕಟ್ಟೆಯ ಚೀಲ ಹಿಡಿದೇ ನಮ್ಮ ಮನೆಗೆ ಓಡಿ ಬಂದಳು. ತೊಫು ಮಾರುವ ಚೀನೀ ಆಂಟಿ ಅವಳನ್ನು ಕಂಡದ್ದೇ ಬೆರಳು ತೋರಿಸಿ, ಟೀವಿಯ ದೆವ್ವ ನೀನೇ ಅಲ್ಲವಾ ಎಂದು ಕೂಗಿದ್ದಳಂತೆ. ಆಕೆಗೆ ಕನ್ನಡ ಅಕ್ಷರ ತಿಳಿಯದು. ಕುಂಕುಮದ ಅರ್ಥವೂ ತಿಳಿಯದು. ಜಯಂತಿ ಅವಳನ್ನೂ ಕೇಳಿದಳು, ನಾನು ಹೇಗೆ ಕಾಣುತ್ತಿದ್ದೆ?

“ಏನಂದ್ಲು?” ಎಂದೆ.

“‘ಸೋ ಹ್ಯಾಪಿ’ ಅಂದ್ಲು ಕಣೆ! ‘ಯಾವ ದೆವ್ವನೂ ಅಷ್ಟು ಖುಷಿಯಾಗಿರೋದು ನಾನು ನೋಡಿಲ್ಲ, ಬಾಗಿಲು ತೆಗೀದೆ ಇದ್ರೂ ಯಾಕೆ ಅಷ್ಟು ಖುಷಿ?’ ಅಂತ ಕೇಳಿದ್ಲು.”

ಚೀಲ ಕೆಳಗಿಟ್ಟು ಜಯಂತಿ ಸೋಫಾದ ಮೇಲೆ ಕೂತಳು. ಅಂಗೈಯಲ್ಲಿ ಕೆನ್ನೆ ಮುಟ್ಟಿಕೊಂಡಳು.

“ಹೌದು ಕಣೆ, ಖುಷಿಯಾಗಿದ್ದೆ. ಕೂದಲು ಸರಿಸಿದಾಗ ಆ ಲೈಟು ಮುಖದ ಮೇಲೆ ಬಿತ್ತು ನೋಡು. ನಿಮ್ಮಲ್ಲಿ ಒಬ್ಬರಿಗಾದ್ರೂ ಗೊತ್ತಾಯ್ತಾ?”